ಮಂಜುವಿಗೆ, ಪೀಣ್ಯದಿಂದ

ಪ್ರೀತಿಯ ಮಂಜು,

ಹೇಗಿದ್ದೀಯ? ಅಮ್ಮನ ಮಂಡಿ ನೋವು ಕಡಿಮೆ ಆಯಿತಾ? ತೋಟಕ್ಕೆ ನೀರು ಸಾಲುತ್ತಿದೆಯಾ? ಫೋನಿನಲ್ಲಿ ಮಾತಾಡಿದರೆ ನಾವಿಬ್ಬರೂ ಬೇಗ ಜಗಳಕ್ಕೆ ಬೀಳುತ್ತೇವೆ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಬ್ಯಾಚಿನವರೂ ಓದಲಿ ಅಂತ ಎಲ್ಲರ ಮುಂದೆ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ಹೋದ ಭಾನುವಾರ ನೀನು ಐಟಿಐ ಗ್ರೂಪಿಗೆ ಹಾಕಿದ ವಿಡಿಯೊ ನೋಡಿದೆ. ಚಂದ್ರಯಾನ-3 ಚಂದ್ರನ ಮೇಲೆ ಇಳಿದದ್ದೇ ಸುಳ್ಳು, ಎಲ್ಲ ಕಂಪ್ಯೂಟರಿನಲ್ಲಿ ಮಾಡಿದ ಚಿತ್ರ ಅಂತ ಅದರಲ್ಲಿ ಒಬ್ಬ ಹೇಳುತ್ತಾನೆ. ಕೆಳಗೆ ನೀನು ಬರೆದಿದ್ದೆ, "ಬೆಂಗಳೂರಿಗೆ ಕುಡಿಯೋಕೆ ನೀರಿಲ್ಲ, ಇವರು ಚಂದ್ರನ ಮೇಲೆ ನೀರು ಹುಡುಕ್ತಾರೆ" ಅಂತ. ನೀರಿನ ಮಾತು ನ್ಯಾಯವಾದದ್ದು. ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಆ ವಿಡಿಯೊ ನನ್ನನ್ನು ಎರಡು ರಾತ್ರಿ ಕೊರೆಯಿತು ಕಣೋ.

ನಾನು ಪೀಣ್ಯಕ್ಕೆ ಬಂದು 22 ವರ್ಷ ಆಯಿತು. ಭಾರತದ ಮೊದಲ ಉಪಗ್ರಹ ಆರ್ಯಭಟ ತಯಾರಾದದ್ದು ಇಲ್ಲಿನ ಶೆಡ್ಡುಗಳಲ್ಲಿ. 360 ಕೆಜಿ ತೂಕದ್ದು. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಏರಿ ಹೋಯಿತು. ತಂಡದ ಮುಂದಾಳು ಯು.ಆರ್. ರಾವ್, ಉಡುಪಿ ಕಡೆಯ ಅದಮಾರಿನವರು. ಕೆಲವೇ ದಿನಕ್ಕೆ ಉಪಗ್ರಹದಲ್ಲಿ ವಿದ್ಯುತ್ ಕೈಕೊಟ್ಟು ಪ್ರಯೋಗಗಳು ನಿಂತುಹೋದವು. ಆದರೂ ಅದನ್ನು ಕಟ್ಟುತ್ತಾ ಕಲಿತ ಕೈಗಳೇ ಮುಂದಿನ ಉಪಗ್ರಹಗಳನ್ನೂ ಕಟ್ಟಿದವು. ಚಂದ್ರಯಾನವನ್ನು ಇಳಿಸುವ ಹೊತ್ತಿಗೆ ವಿಜ್ಞಾನಿಗಳು ಕೂತಿದ್ದ ಇಸ್ಟ್ರಾಕ್, ಅಂದರೆ ನೌಕೆಗಳ ಜೊತೆ ಸಂಪರ್ಕ ಇಟ್ಟುಕೊಳ್ಳುವ ಇಸ್ರೊ ಕೇಂದ್ರವೂ ಪೀಣ್ಯದಲ್ಲೇ ಇದೆ. ಹಾಗಾಗಿ ಯಾರಾದರೂ ಅದನ್ನು ಸುಳ್ಳು ಅಂದರೆ ನನ್ನ ಬೀದಿಯವರನ್ನೇ ಕಳ್ಳರು ಅಂದಂತೆ ಆಗುತ್ತದೆ.

ವಿಡಿಯೊದಲ್ಲಿ ಒಂದು ಎಳೆ ನಿಜ ಇದೆ. 2023ರ ಆಗಸ್ಟ್ 23ರ ಸಂಜೆ ಟಿವಿಯಲ್ಲಿ ನಾವು ನೋಡಿದ ಇಳಿಯುವ ದೃಶ್ಯ ಕಂಪ್ಯೂಟರ್ ಚಿತ್ರವೇ. ಇಳಿಯುತ್ತಿದ್ದ ನೌಕೆ ವಿಕ್ರಮ್ ಕಳಿಸುತ್ತಿದ್ದ ಎತ್ತರ, ವೇಗದ ಅಂಕಿಗಳ ಜೊತೆಗೆ ನಮಗೆ ಅರ್ಥವಾಗಲಿ ಅಂತ ಆ ಚಿತ್ರ ತೋರಿಸಿದರು. ಇಳಿಯುವವನ ಫೋಟೊ ತೆಗೆಯಲು ಚಂದ್ರನ ಮೇಲೆ ಮೊದಲೇ ಯಾರು ನಿಂತಿದ್ದರು ಹೇಳು? ನಾಲ್ಕು ದಿನ ಆದ ಮೇಲೆ, ಆಗಸ್ಟ್ 27ರಂದು, ಚಂದ್ರನನ್ನು ಸುತ್ತುತ್ತಿರುವ ನಾಸಾದ ನೌಕೆ ಮೇಲಿನಿಂದ ಫೋಟೊ ತೆಗೆಯಿತು. ವಿಕ್ರಮ್ ಅದರಲ್ಲಿ ಒಂದು ಚುಕ್ಕೆ, ಪಕ್ಕದಲ್ಲಿ ಅದರ ನೆರಳು. ಆ ವಿಡಿಯೊದವನು ಇದನ್ನು ಹೇಳಲೇ ಇಲ್ಲ.

ನನಗೆ 2023ಕ್ಕಿಂತ 2019ರ ಸೆಪ್ಟೆಂಬರ್ 7ರ ರಾತ್ರಿ ಜಾಸ್ತಿ ನೆನಪಿದೆ, ಚಂದ್ರಯಾನ-2 ಚಂದ್ರನ ಮೇಲೆ ಇಳಿಯಬೇಕಿದ್ದ ರಾತ್ರಿ. ನೈಟ್ ಶಿಫ್ಟ್. ಹೆಲ್ಪರ್ ಹುಡುಗನ ಮೊಬೈಲ್ ಸುತ್ತ ಏಳು ಜನ. ಎರಡು ಗಂಟೆ ಹತ್ತಿರ. ಸುಮಾರು ಎರಡು ಕಿಲೋಮೀಟರ್ ಎತ್ತರದವರೆಗೆ ಎಲ್ಲ ಸರಿ ಇತ್ತು, ಆಮೇಲೆ ಸಂಪರ್ಕ ಹೋಯಿತು ಅಂದರು. ಯಾರೂ ಮಾತಾಡಲಿಲ್ಲ. ಹೋಗಿ ಮಷಿನ್ ಆನ್ ಮಾಡಿದೆವು.

ಏನು ತಪ್ಪಾಯಿತು ಅನ್ನುವುದನ್ನು ಜನರಿಗೆ ಬಿಡಿಸಿ ಹೇಳಲು ತಡ ಮಾಡಿದರು. ಅದು ನನಗೆ ಇಷ್ಟವಾಗಲಿಲ್ಲ, ಈಗಲೂ ಇಲ್ಲ. ಆದರೆ ಚಂದ್ರಯಾನ-3 ಹೊರಡುವ ಮುಂಚೆ ಆಗಿನ ಇಸ್ರೊ ಅಧ್ಯಕ್ಷ ಸೋಮನಾಥ್ ಕ್ಯಾಮೆರಾ ಮುಂದೆ ಒಂದೊಂದಾಗಿ ಹೇಳಿದರು. ಎಂಜಿನ್‌ಗಳು ಅಂದುಕೊಂಡದ್ದಕ್ಕಿಂತ ಜಾಸ್ತಿ ಬಲವಾಗಿ ತಳ್ಳಿದವು. ಸಣ್ಣ ಸಣ್ಣ ತಪ್ಪು ಸೇರಿ ದೊಡ್ಡದಾಯಿತು. ಅದನ್ನು ಸರಿ ಮಾಡಿಕೊಳ್ಳಲು ನೌಕೆ ಬೇಗ ತಿರುಗಬೇಕಿತ್ತು, ಆದರೆ ಅಷ್ಟು ಬೇಗ ತಿರುಗಲು ಸಾಫ್ಟ್‌ವೇರ್ ಬಿಡಲಿಲ್ಲ. ಇಳಿಯಲು ಗುರುತು ಹಾಕಿದ್ದ ಜಾಗ 500 ಮೀಟರ್ ಉದ್ದಗಲ, ತೀರಾ ಚಿಕ್ಕದು. ಈ ಸಲ ಅದನ್ನು 4 ಕಿಮೀ ಉದ್ದ, 2.4 ಕಿಮೀ ಅಗಲ ಮಾಡಿದ್ದೇವೆ, ಕಾಲು ಗಟ್ಟಿ ಮಾಡಿದ್ದೇವೆ, ಇಂಧನ ಜಾಸ್ತಿ ತುಂಬಿದ್ದೇವೆ ಅಂದರು.

ಅದನ್ನು ಕೇಳಿದಾಗ ನನಗೆ ನಮ್ಮ ರಿಜೆಕ್ಷನ್ ಪುಸ್ತಕ ನೆನಪಾಯಿತು. ಲೇತ್‌ನಿಂದ ಬಂದ ಪೀಸ್ ಅಳತೆ ತಪ್ಪಿದರೆ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುತ್ತೇವೆ. ಯಾವ ಮಷಿನ್, ಯಾವ ಶಿಫ್ಟ್, ಎಷ್ಟು ಮೈಕ್ರಾನ್ ಜಾಸ್ತಿ ಅಂತ ಬರೆದು ಸಹಿ ಹಾಕುತ್ತೇವೆ. ಸಹಿ ಹಾಕುವಾಗ ಸಂಕಟ ಆಗುತ್ತದೆ. ಆದರೆ ಆ ಸಹಿಯಿಂದಲೇ ಮುಂದಿನ ಪೀಸ್ ಸರಿಯಾಗುವುದು.

ಫೋನಿನಲ್ಲಿ ಬರುವ ಸುದ್ದಿಗೆ ಆ ಕೆಂಪು ಬಣ್ಣವೇ ಇಲ್ಲ ಮಂಜು. 2024ರ ಮಾರ್ಚ್‌ನಲ್ಲಿ ನಾನೇ ಒಂದು ತಪ್ಪು ಮಾಡಿದೆ. ನಮ್ಮ ಏರಿಯಾಕ್ಕೆ ಹತ್ತು ದಿನ ಕಾವೇರಿ ನೀರು ಬರುವುದಿಲ್ಲ ಅಂತ ಯಾರೋ ಕಳಿಸಿದ್ದನ್ನು ಓದಿದ ಕೂಡಲೇ ಬೀದಿ ಗ್ರೂಪಿಗೆ ಹಾಕಿದೆ. ಎದುರುಮನೆ ಅಜ್ಜಿ ಪಿಂಚಣಿ ದುಡ್ಡಿನಲ್ಲಿ ಟ್ಯಾಂಕರ್ ತರಿಸಿದರು, ಮಾಮೂಲಿಗಿಂತ ಎರಡು ಪಟ್ಟು ಕೊಟ್ಟು. ಮೂರನೇ ದಿನ ನಲ್ಲಿಯಲ್ಲಿ ನೀರು ಬಂತು. ನಾನು ಗ್ರೂಪಿನಲ್ಲಿ "ಆ ಸುದ್ದಿ ಸುಳ್ಳು, ವಿಚಾರಿಸದೆ ಹಾಕಿದ್ದು ನಾನು" ಅಂತ ಹೆಸರು ಸಮೇತ ಬರೆದೆ. ಅಜ್ಜಿಯ ಮನೆಗೂ ಹೋಗಿ ಹೇಳಿದೆ. "ಹೋಗ್ಲಿ ಬಿಡಪ್ಪ" ಅಂದರು. ಆ ದುಡ್ಡನ್ನು ಮಾತ್ರ ನನ್ನಿಂದ ತೆಗೆದುಕೊಳ್ಳಲಿಲ್ಲ.

ಈಗ ನಿನ್ನ ನೀರಿನ ಮಾತು. ಆ ಬೇಸಿಗೆಯಲ್ಲಿ ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಅಂತ ಮುಖ್ಯಮಂತ್ರಿಯೇ ಹೇಳಿದ್ದರು. ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು, ದಿನಕ್ಕೆ 77.5 ಕೋಟಿ ಲೀಟರ್. ಅಷ್ಟು ದೂರದಿಂದ ಪಂಪ್ ಮಾಡಿ ತರುವುದು ಸುಮ್ನೆ ಮಾತಲ್ಲ, ಆ ಎಂಜಿನಿಯರ್‌ಗಳಿಗೂ ನನ್ನ ನಮಸ್ಕಾರ. ಆದರೆ ಕೆರೆ ಮುಚ್ಚಿ ಸೈಟು ಮಾಡಿದವರು ಯಾರು, ಒಪ್ಪಿಗೆ ಕೊಟ್ಟವರು ಯಾರು? ಯಾವ ಪುಸ್ತಕದಲ್ಲೂ ಸಹಿ ಸಿಗುವುದಿಲ್ಲ. ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಐದು ವರ್ಷ ಚುನಾವಣೆಯೇ ಇಲ್ಲದೆ ಕಳೆಯಿತು, 2025ರಲ್ಲಿ ಒಂದು ಪಾಲಿಕೆಯನ್ನು ಐದು ಮಾಡಿದರು. ಮೋರಿ ಕಟ್ಟಿಕೊಂಡರೆ ಹೋಗಿ ಕೇಳಲು ನಮ್ಮ ವಾರ್ಡಿಗೆ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ. ಚಂದ್ರಯಾನ-3ಕ್ಕೆ ಆದ ಖರ್ಚು ಸುಮಾರು 615 ಕೋಟಿ. ಅದನ್ನು ನಿಲ್ಲಿಸಿದ್ದರೆ ನಮ್ಮ ಕೆರೆ ವಾಪಸ್ ಬರುತ್ತಿತ್ತಾ?

ಉಪಗ್ರಹ ಬಡವರಿಗೆ ಏನು ಕೊಟ್ಟಿತು ಅಂತಲೂ ನೀನು ಕೇಳುತ್ತೀಯ. 1999ರ ಒಡಿಶಾ ಚಂಡಮಾರುತದಲ್ಲಿ ಸುಮಾರು 10 ಸಾವಿರ ಜನ ಸತ್ತರು. 2019ರಲ್ಲಿ ಫೋನಿ ಬಂದಾಗ ಉಪಗ್ರಹದ ಚಿತ್ರ ನೋಡಿ ಮುಂಚೆಯೇ ಎಚ್ಚರಿಸಿದರು, 12 ಲಕ್ಷ ಜನರನ್ನು ಕರಾವಳಿಯಿಂದ ಸ್ಥಳಾಂತರಿಸಿದರು, ಸತ್ತವರು ನೂರರ ಒಳಗೆ. ಉಪಗ್ರಹದ ಜೊತೆ ಅಲ್ಲಿನ ಅಧಿಕಾರಿಗಳು, ಊರಿನವರು ಪಟ್ಟ ಪಾಡೂ ಅದರಲ್ಲಿ ಇದೆ. ಶ್ರೀಮಂತರು ದುಡ್ಡು ಕೊಟ್ಟು ಹತ್ತು ನಿಮಿಷ ಬಾಹ್ಯಾಕಾಶಕ್ಕೆ ಹೋಗಿ ಬರುವುದರ ಮೇಲೆ ಮಾತ್ರ ನನಗೆ ಒಲವಿಲ್ಲ.

ನಿನ್ನ ಮಗಳಿಗೆ ಒಂದು ವಿಷಯ ಹೇಳು. 2025ರ ಜೂನ್‌ನಲ್ಲಿ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದರಲ್ಲ, ಅಲ್ಲಿ ಅವರು ಮೊಳಕೆ ಬರಿಸಿದ ಮೆಂತ್ಯ ಮತ್ತು ಹೆಸರುಕಾಳಿನ ಪ್ರಯೋಗ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರದ್ದು. ಅವಳೂ ಒಂದು ಒದ್ದೆ ಬಟ್ಟೆಯಲ್ಲಿ ಹೆಸರುಕಾಳು ಕಟ್ಟಿ ನೋಡಲಿ.

ದಸರಾ ರಜೆಗೆ ಅವಳನ್ನು ಕರೆದುಕೊಂಡು ಬಾ. ನೆಹರೂ ತಾರಾಲಯಕ್ಕೆ ಹೋಗೋಣ, ಆಮೇಲೆ ಪೀಣ್ಯ ತೋರಿಸುತ್ತೇನೆ. ಆ ವಿಡಿಯೊ ಇನ್ನೂ ಗ್ರೂಪಿನಲ್ಲೇ ಇದೆ. ಅದರ ಕೆಳಗೆ ನಿನ್ನ ಹೆಸರಿನಲ್ಲಿ ಎರಡು ಸಾಲು ಬರೆದುಬಿಡು. ಕಾಯುತ್ತಿರುತ್ತೇನೆ.

ನಿನ್ನ ಗೆಳೆಯ,
ರವಿ