ಗೊತ್ತಿಲ್ಲದ ಪೈಪಿಗೆ ಗರಗಸ ಹಾಕಬೇಡಿ

ಮಾನ್ಯ ಸಂಪಾದಕರೇ,

ಹೋದ ತಿಂಗಳು ನಮ್ಮ ಮನೆಗೆ ಪಾತ್ರೆ ತೊಳೆಯುವ ಮಷಿನ್ ತಂದೆವು. ಮನೆ ಹಳೆಯದು, 1978ರಲ್ಲಿ ಮಾವನವರು ಹತ್ತಿ ಮಿಲ್ಲಿನಲ್ಲಿದ್ದಾಗ ಕಟ್ಟಿಸಿದ್ದು. ಮಷಿನ್ ಕೂರಿಸಲು ಬಂದ ಹುಡುಗ ಸಿಂಕಿನ ಪಕ್ಕದ ಕಪಾಟು ಕಳಚಿದಾಗ ಹಿಂದೆ ಗೋಡೆಯಿಂದ ಒಂದು ಪೈಪು ಗೇಣುದ್ದ ಹೊರಗೆ ಬಂದಿತ್ತು. ಮೇಲೆ ನಾಲ್ಕೈದು ಸಲ ಬಳಿದ ಪೇಂಟು, ತುದಿಗೆ ತುಕ್ಕು ಹಿಡಿದ ಕ್ಯಾಪು. ಹದಿನೆಂಟು ವರ್ಷದಿಂದ ಅದೇ ಕಟ್ಟೆಯ ಮುಂದೆ ನಿಂತು ಅಡುಗೆ ಮಾಡಿದ್ದೇನೆ, ಅಲ್ಲೊಂದು ಪೈಪಿದೆ ಅಂತ ನನಗೇ ಗೊತ್ತಿರಲಿಲ್ಲ. ಮಾವನವರಿದ್ದಿದ್ದರೆ ಒಂದೇ ಮಾತಲ್ಲಿ ಹೇಳಿಬಿಡುತ್ತಿದ್ದರು.

ಅದು ಅಡ್ಡ ಬಂದು ಮಷಿನ್ ಒಳಗೆ ಹೋಗಲಿಲ್ಲ. ಹುಡುಗ ಪಾನಾ ಹಾಕಿ ಕ್ಯಾಪು ಸ್ವಲ್ಪ ಸಡಿಲ ಮಾಡಿದ. ಒಂದು ಹನಿ ನೀರಿಲ್ಲ. "ಡೆಡ್ ಲೈನ್ ಅಕ್ಕ, ಗೋಡೆ ಸಮಕ್ಕೆ ಕೊಯ್ದುಬಿಡ್ತೀನಿ, ಎರಡು ನಿಮಿಷ" ಅಂತ ಬ್ಲೇಡು ತೆಗೆದ. ಅವತ್ತು ಅವನಿಗೆ ಇನ್ನೂ ಮೂರು ಮನೆ ಇತ್ತಂತೆ, ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೂ ಯಾಕೋ ಮನಸ್ಸು ಒಪ್ಪಲಿಲ್ಲ. "ಬೇಡ ತಮ್ಮ, ಇವತ್ತು ನಿಲ್ಲಿಸು" ಅಂದೆ.

ನಮ್ಮ ಬೀದಿಗೆ ನಲ್ಲಿ ನೀರು ದಿನಾ ಬರುವುದಿಲ್ಲ ಅಲ್ವಾ, ನೀರು ಬಿಡುವ ದಿನ ಅಂತಲೇ ಇದೆ. ಅವತ್ತು ಆ ದಿನವಾಗಿರಲಿಲ್ಲ. ಈ ಸಣ್ಣ ವಿಷಯ ಹೊರಗಿನಿಂದ ಬಂದ ಹುಡುಗನಿಗೆ ಹೊಳೆಯಲಿಲ್ಲ, ಇಲ್ಲೇ ಇರುವ ನನಗೂ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಎರಡು ದಿನ ಬಿಟ್ಟು ಬೆಳಗ್ಗೆ ನೀರು ಬಿಟ್ಟರು. ಪೈಪಿನ ಮೇಲೆ ಕೈ ಇಟ್ಟೆ. ಒಳಗೆ ಗಾಳಿ ಸುಯ್ ಅಂತಿತ್ತು, ಆಮೇಲೆ ಪೈಪು ತಣ್ಣಗಾಗುತ್ತಾ ಬಂತು, ಸಡಿಲ ಮಾಡಿದ್ದ ಕ್ಯಾಪಿನಿಂದ ಕೆಂಪು ನೀರು ತೊಟ್ಟಿಕ್ಕಿತು. ಹಿಂದೆ ಯಾವಾಗಲೋ ಮನೆ ಮುಂದೆ ಹೊಸ ನಲ್ಲಿ ಕೊಟ್ಟಾಗ ಹಳೇ ಲೈನನ್ನು ಬೀದಿಯಲ್ಲಿ ಮುಚ್ಚದೆ ಹಾಗೇ ಬಿಟ್ಟಿದ್ದರು. ಅವತ್ತು ಕೊಯ್ದಿದ್ದರೆ ಅಡುಗೆಮನೆ ತುಂಬಾ ನೀರು, ಅದರ ಮಧ್ಯೆ ಕರೆಂಟಿನ ಮಷಿನ್!

ನಮ್ಮ ಓಣಿಗೆ ಹಿಂದಿನಿಂದ ಪ್ಲಂಬಿಂಗ್ ಮಾಡುತ್ತಾ ಬಂದ ಒಬ್ಬ ಅಜ್ಜನನ್ನು ಕರೆಸಿದೆವು. ಅವರು ಮೊದಲು ಚಾಕುವಿನಿಂದ ಪೇಂಟು ಕೆರೆದರು. ಒಳಗೆ ಬೂದು ಬಣ್ಣ. ಅಯಸ್ಕಾಂತ ಹಿಡಿದರು, ಅಂಟಿತು. ಜಿಐ ಪೈಪು, ಅಂದರೆ ಸತು ಲೇಪಿಸಿದ ಕಬ್ಬಿಣದ್ದು, ಅರ್ಧ ಇಂಚಿಂದು. ಇನ್ನೂ ಸ್ವಲ್ಪ ಕೆರೆದಾಗ ಗೋಡೆಗೂ ಕ್ಯಾಪಿಗೂ ನಡುವೆ ಪೈಪಿಗೆ ನಾಲ್ಕು ಸುತ್ತು ಸುತ್ತಿದ ತಾಮ್ರದ ತಂತಿ ಕಾಣಿಸಿತು, ಹಸಿರು ಬಣ್ಣಕ್ಕೆ ತಿರುಗಿತ್ತು, ಅದರ ತುದಿ ಗೋಡೆಯೊಳಗೆ ಹೋಗಿತ್ತು. ಅಜ್ಜ ಕೈ ಹಿಂದಕ್ಕೆ ತೆಗೆದುಕೊಂಡರು. "ಇದನ್ನ ನಾನು ಮುಟ್ಟಲ್ಲಮ್ಮ, ಲೈನ್‌ಮನ್ ಕೆಲಸ ಬಲ್ಲೋರನ್ನ ಕರಿ. ಟೆಸ್ಟರ್ ಉರೀಲಿಲ್ಲ ಅಂತ ಸುಮ್ನೆ ನಂಬಬೇಡ" ಅಂದರು.

ಎಲೆಕ್ಟ್ರಿಷಿಯನ್ ಬಂದು ಮೇನ್ ಆಫ್ ಮಾಡಿ ನೋಡಿದರು. ಅಡುಗೆಮನೆಯ ಎಲ್ಲ ಪ್ಲಗ್ಗಿನ ಅರ್ತಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ದಾರಿ, ಅದೇ ತಂತಿ. ಹಿಂದಿನ ಕಾಲದಲ್ಲಿ ನೆಲದೊಳಗೆ ಹೋಗುವ ಕಬ್ಬಿಣದ ನೀರಿನ ಪೈಪಿಗೇ ಅರ್ತ್ ಕೊಟ್ಟುಬಿಡುತ್ತಿದ್ದರು. ಪೈಪನ್ನು ಗೋಡೆ ಸಮಕ್ಕೆ ಕೊಯ್ದಿದ್ದರೆ ತಂತಿಯೂ ತುಂಡಿನ ಜೊತೆಗೆ ಹೋಗುತ್ತಿತ್ತು. ಫ್ರಿಜ್, ಮಿಕ್ಸಿ, ಗ್ರೈಂಡರ್ ಎಲ್ಲವೂ ಎಂದಿನಂತೆ ನಡೆಯುತ್ತಿದ್ದವು, ಅರ್ತ್ ಇಲ್ಲ ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಒಂದು ದಿನ ಒದ್ದೆ ಕೈಯಲ್ಲಿ ಯಾರೋ ಮುಟ್ಟಿ ಶಾಕ್ ಹೊಡೆಯುವವರೆಗೂ. ಅದನ್ನು ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ. ಹಿತ್ತಲಲ್ಲಿ ಗುಂಡಿ ತೋಡಿಸಿ ಬೇರೆ ಅರ್ತಿಂಗ್ ಮಾಡಿಸಿದ ಮೇಲೆಯೇ ಮಷಿನ್ ಕೂರಿಸಿದ್ದು.

ನನ್ನ ತವರು ಹೊಳಲ್ಕೆರೆ ಕಡೆಯ ಹಳ್ಳಿ. ಅಲ್ಲಿ ಹಿತ್ತಲಿನ ಗೋಬರ್ ಗ್ಯಾಸ್ ಗುಂಡಿಯಿಂದ ಅಡುಗೆಮನೆಗೆ ಬಂದ ಪೈಪೂ ನೋಡೋಕೆ ಥೇಟ್ ಹೀಗೇ ಇರುತ್ತದೆ. ಈಗ ದಾವಣಗೆರೆಯಲ್ಲೂ ಮನೆಮನೆಗೆ ಕೊಳವೆಯಲ್ಲಿ ಗ್ಯಾಸ್ ಬರುತ್ತಿದೆ. ಕಣ್ಣಿಗೆ ಕಂಡಿದ್ದನ್ನು ನೀರಿನದೇ ಅಂದುಕೊಳ್ಳುವ ಹಾಗಿಲ್ಲ. ಗ್ಯಾಸ್ ವಾಸನೆ ಬಂದರೆ ಕಡ್ಡಿ ಗೀರುವುದು, ಸ್ವಿಚ್ ಹಾಕುವುದು ಎರಡೂ ಬೇಡ, ಕಿಟಕಿ ಬಾಗಿಲು ತೆಗೆದು ಹೊರಗೆ ಬಂದು ಫೋನ್ ಮಾಡಿ. ಸಿಲಿಂಡರ್ ಗ್ಯಾಸ್ ಸೋರಿದರೆ 1906 ಇದೆ.

ಮಷಿನ್ ಮಾರುವವರಿಗೆ ನನ್ನದೊಂದು ಕೋರಿಕೆ. ಕೂರಿಸುವ ಹುಡುಗರಿಗೆ ದಿನಕ್ಕೆ ಇಷ್ಟು ಮನೆ ಅಂತ ಅವಸರ ಮಾಡಬೇಡಿ, ಗೊತ್ತಿಲ್ಲದ ಪೈಪು ಸಿಕ್ಕರೆ ಕೆಲಸ ನಿಲ್ಲಿಸಿ ವಾಪಸ್ ಬರಲು ಅವರಿಗೆ ಅವಕಾಶ ಕೊಡಿ, ಅದಕ್ಕೆ ಅವರ ದುಡ್ಡು ಹಿಡಿಯಬೇಡಿ. ಹೊಸ ನಲ್ಲಿ ಹಾಕುವವರು ಹಳೇ ಲೈನನ್ನು ಬೀದಿಯಲ್ಲೇ ಮುಚ್ಚಿ, ಮುಚ್ಚಿದ್ದೇವೆ ಅಂತ ಮನೆಯವರಿಗೆ ಒಂದು ಚೀಟಿ ಬರೆದುಕೊಡಲಿ. ಹಳೇ ಮನೆಯಲ್ಲಿರುವವರು, ಹಿರಿಯರು ಇರುವಾಗಲೇ ಯಾವ ಪೈಪು ಎಲ್ಲಿಂದ ಎಲ್ಲಿಗೆ ಅಂತ ಕೇಳಿ ಬರೆದಿಟ್ಟುಕೊಳ್ಳಿ. ನಾವು ಒಂದು ಹಾಳೆಯಲ್ಲಿ ಬರೆದು ಮೀಟರ್ ಬೋರ್ಡಿನ ಬಾಗಿಲ ಒಳಗೆ ಅಂಟಿಸಿದ್ದೇವೆ. ಬೀದಿಯಲ್ಲಿ ಲೈನ್ ಮುಚ್ಚಿಸುವವರೆಗೆ ಆ ಪೈಪು ಹಾಗೇ ಇರುತ್ತದೆ, ಕಪಾಟಿನ ಅಳತೆ ಬದಲಿಸಿ ಮಷಿನ್ ಪಕ್ಕಕ್ಕೆ ಸರಿಸಿದ್ದೇವೆ. ಪೈಪಿನ ಮೇಲಿನ ಗೋಡೆಗೆ ನನ್ನ ಮಗಳು ಕೆಂಪು ಪೇಂಟಿನಲ್ಲಿ "ನೀರಿನ ಲೈನ್, ಕೊಯ್ಯಬೇಡಿ" ಅಂತ ಬರೆದಿದ್ದಾಳೆ.

– ಒಬ್ಬ ಗೃಹಿಣಿ, ವಿನೋಬನಗರ, ದಾವಣಗೆರೆ