ಮುಜಂಟಿ ಜೇನು ಇನ್ನು ಚಿಕ್ಕ ಬಾಟಲಿಯಲ್ಲಿ ಮಾತ್ರ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಅರ್ಧ ಕೆಜಿ ಮುಜಂಟಿ ಜೇನು (ಕುಟುಕದ ಪುಟ್ಟ ಜೇನುಹುಳದ ಜೇನು) ತೆಗೆದಿಡಿ ಎಂದು ಈಗಲೇ ಫೋನ್ ಬರತೊಡಗಿದೆ. ಆ ಬಾಟಲಿ ಇನ್ನು ಇಲ್ಲ. ಈ ವರ್ಷದಿಂದ ಮುಜಂಟಿ ಜೇನು 100 ಗ್ರಾಂನ ಗಾಜಿನ ಬಾಟಲಿಯಲ್ಲಿ ಮಾತ್ರ, ಒಂದು ಮನೆಗೆ ಎರಡರಂತೆ. ಬಾಟಲಿಗೆ 300 ರೂಪಾಯಿ. ಸಾಮಾನ್ಯವಾಗಿ ಎಲ್ಲರೂ ಸಾಕುವ ತುಡುವೆ ಹುಳದ ಜೇನಿನ ಅಳತೆ, ದರ ಮೊದಲಿನಂತೆಯೇ ಇದೆ.

ಕಾರಣ ಜೇನು ತೆಗೆಯುವ ಕ್ರಮದಲ್ಲಿದೆ. ಮುಜಂಟಿ ತುಡುವೆಯಂತೆ ಎರಿ (ಹಲಗೆಯಂಥ ಮೇಣದ ಗೂಡು) ಕಟ್ಟುವುದಿಲ್ಲ. ಮೇಣಕ್ಕೆ ಮರದ ಅಂಟು ಬೆರೆಸಿ ಕಡಲೆಕಾಳಿನಷ್ಟು ದೊಡ್ಡ ಕುಡಿಕೆ ಮಾಡಿ ಅದರಲ್ಲಿ ಜೇನು ತುಂಬುತ್ತದೆ. ಪಕ್ಕದಲ್ಲೇ ಪರಾಗದ ಕುಡಿಕೆಗಳು, ಅದರಾಚೆ ಮೊಟ್ಟೆ-ಮರಿಗಳ ಗೊಂಚಲು. ಹಿಂದೆಲ್ಲ ಒಟ್ಟಿಗೆ ಕಿತ್ತು ಬಟ್ಟೆಯಲ್ಲಿ ಹಿಂಡುವುದೇ ರೂಢಿ. ಜೇನು ಹೆಚ್ಚು ಸಿಗುತ್ತಿತ್ತು, ನಿಜ. ಆದರೆ ಪರಾಗವೂ ಸೇರಿಕೊಂಡು ಬೇಗ ಹುಳಿಯುತ್ತಿತ್ತು, ಮರಿಗಳು ಸತ್ತು ಕುಟುಂಬವೇ ಹಾಳಾಗುತ್ತಿತ್ತು. ಈಗ ನಮ್ಮ ಸದಸ್ಯರೆಲ್ಲ ಜೇನಿನ ಕುಡಿಕೆಗಳನ್ನಷ್ಟೇ ಶುಚಿಯಾದ ಕಡ್ಡಿಯಿಂದ ಚುಚ್ಚಿ, ಪೆಟ್ಟಿಗೆಯನ್ನು ಓರೆ ಮಾಡಿ ಬಸಿಯುತ್ತಾರೆ. ತಾಳ್ಮೆಯ ಕೆಲಸ. ಈ ಹುಳಕ್ಕೆ ಕುಟುಕಲು ಬರುವುದಿಲ್ಲ ಎಂದು ಧೈರ್ಯವಾಗಿ ಕೂತವರ ಕೂದಲು, ಕಿವಿಗೆಲ್ಲ ನುಗ್ಗಿ ಕಚ್ಚುವುದುಂಟು!

ಮಳೆಗಾಲದಲ್ಲಿ ಹೊರಗೆ ಹಾರಲಾಗದ ಹುಳಗಳಿಗೂ ಊಟ ಬೇಕಲ್ಲ; ಒಂದಷ್ಟು ಕುಡಿಕೆಗಳನ್ನು ಮುಟ್ಟದೆ ಬಿಡುತ್ತೇವೆ. ತುಡುವೆ ಪೆಟ್ಟಿಗೆಯಲ್ಲಿ ಕೆಜಿಗಟ್ಟಲೆ ಸಿಕ್ಕರೆ, ಮುಜಂಟಿಯಲ್ಲಿ ವರ್ಷಕ್ಕೆ ಅರ್ಧ ಕೆಜಿ ಸಿಕ್ಕಿದರೆ ಅದೇ ಒಳ್ಳೆಯ ವರ್ಷ. ಅಂದರೆ ನೀವು ಕೇಳುವ ಆ ಒಂದು ಬಾಟಲಿಗೆ ಒಂದು ಪೆಟ್ಟಿಗೆಯ ಇಡೀ ವರ್ಷದ ದುಡಿಮೆ ಹೋಗುತ್ತದೆ.

ಮನೆಗೆ ಒಯ್ದ ಮೇಲೆ ಫ್ರಿಜ್‌ನಲ್ಲಿಡಿ. ಈ ಜೇನು ನೀರಾಗಿಯೇ ಇರುತ್ತದೆ, ತೇವಾಂಶ ಶೇ. 25 ದಾಟುವುದೂ ಇದೆ. ಕಾಯಿಸಿ ಗಟ್ಟಿ ಮಾಡಬಹುದು. ಆದರೆ ಆ ಹುಳಿ, ಆ ಪರಿಮಳ ಹೋದ ಮೇಲೆ ಮುಜಂಟಿ ಜೇನೇ ಯಾಕೆ ಬೇಕು? ಹೊರಗಿಟ್ಟರೆ ನೊರೆ ಬಂದು ಮುಚ್ಚಳ ಉಬ್ಬೀತು, ನಿಧಾನಕ್ಕೆ ತಿರುಗಿಸಿ ತೆಗೆಯಿರಿ. ಬಣ್ಣ, ರುಚಿ ತೋಟದಿಂದ ತೋಟಕ್ಕೆ ಬೇರೆ. ಎಲ್ಲವನ್ನೂ ಬೆರೆಸಿ ಒಂದೇ ರುಚಿಗೆ ತರುವ ಯೋಚನೆ ನಮಗಿಲ್ಲ.

ಕಣ್ಣಿಗೆ ಬಿಡಲು ಕೊಡಿ ಎಂದು ಕೇಳುವವರಿಗೆ: ದಯವಿಟ್ಟು ಬೇಡ, ಕಣ್ಣಿನ ತೊಂದರೆಗೆ ಡಾಕ್ಟರಿದ್ದಾರೆ. ನಾವು ಮಾರುವುದು ತಿನ್ನಲಿಕ್ಕೆ. ಒಂದು ವರ್ಷ ತುಂಬದ ಮಕ್ಕಳ ನಾಲಿಗೆಗೆ ಯಾವ ಜೇನನ್ನೂ ಮುಟ್ಟಿಸಬೇಡಿ.

ಬುಕಿಂಗ್ ಏಪ್ರಿಲ್ ಮಧ್ಯದ ವಿಷುವಿನವರೆಗೆ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯ ಒಳಗೆ ಎಲ್ಲರಿಗೂ ತಲುಪಿಸುತ್ತೇವೆ, ಆಮೇಲೆ ಸ್ಟಾಕ್ ಇಡುವುದಿಲ್ಲ. ಖಾಲಿ ಬಾಟಲಿ ತೊಳೆದು ಒಣಗಿಸಿ ತಂದರೆ ಮುಂದಿನ ಬಿಲ್ಲಿನಲ್ಲಿ 15 ರೂಪಾಯಿ ಕಡಿಮೆ.

ಇತಿ,
ಕಾರ್ಯದರ್ಶಿ
ಜೇನು ಸಾಕಣೆದಾರರ ಸಹಕಾರಿ ಸಂಘ