ಆಪರೇಷನ್ ಮುಗಿದ ಮೇಲಿನ ಒಂದು ಗಂಟೆ ಯಾರದ್ದು?

ಸಂಪಾದಕರಿಗೆ ನಮಸ್ಕಾರ.

ಸರ್ಕಾರಿ ಆಸ್ಪತ್ರೆಗಳಲ್ಲಿ ಹೊಸ ಆಪರೇಷನ್ ಥಿಯೇಟರ್ ಶುರುವಾದ ಸುದ್ದಿ ನಿಮ್ಮ ಜಿಲ್ಲಾ ಪುಟದಲ್ಲಿ ಆಗಾಗ ಬರುತ್ತದೆ. ಫೋಟೋದಲ್ಲಿ ದೊಡ್ಡ ಲೈಟು, ಹೊಸ ಟೇಬಲ್ಲು, ಟೇಪು ಕತ್ತರಿಸುವ ಶಾಸಕರು ಇರುತ್ತಾರೆ. ನನಗೆ ನಿಜಕ್ಕೂ ಖುಷಿಯಾಗುತ್ತದೆ. ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ವೈದ್ಯೆ. ಜನ ನಮ್ಮನ್ನು ಮತ್ತು ಬರೋ ಇಂಜೆಕ್ಷನ್ ಕೊಡೋ ಡಾಕ್ಟರು ಅಂತಾರೆ. ಅಂಥ ಸುದ್ದಿ ಓದಿದಾಗೆಲ್ಲ ನನಗೊಂದು ಪ್ರಶ್ನೆ ಏಳುತ್ತದೆ. ನಿಮ್ಮ ವರದಿಗಾರರು ಮುಂದಿನ ಸಲ ಅದನ್ನು ಅಲ್ಲೇ ಕೇಳಲಿ ಅಂತ ಈ ಪತ್ರ. ಆಪರೇಷನ್ ಮುಗಿದ ರೋಗಿಯನ್ನು ಇಲ್ಲಿ ಎಲ್ಲಿ ಮಲಗಿಸುತ್ತೀರಿ? ಮೊದಲ ಒಂದು ಗಂಟೆ ಅವರ ಪಕ್ಕ ಯಾರು ನಿಂತಿರುತ್ತಾರೆ?

ಎಷ್ಟೋ ಕಡೆ ಇದಕ್ಕೆ ಉತ್ತರ ಇಲ್ಲ. ಹೊಲಿಗೆ ಮುಗಿಯುತ್ತದೆ, ಟ್ರಾಲಿ ಬರುತ್ತದೆ, ರೋಗಿ ನೇರ ವಾರ್ಡಿಗೆ ಹೋಗುತ್ತಾರೆ. ರಿಕವರಿ ರೂಮ್ ಅಂತ ಬೋರ್ಡ್ ಇರುವ ಕೋಣೆಯಲ್ಲಿ ಹಳೇ ಮಂಚ, ಔಷಧಿ ಪೆಟ್ಟಿಗೆ, ಗಂಟಲಿನ ಕಫ ಎಳೆಯುವ ಕೆಟ್ಟ ಸಕ್ಷನ್ ಮಷೀನು ತುಂಬಿರುತ್ತವೆ. ಅಷ್ಟರಲ್ಲಿ ನನಗೆ ಇನ್ನೊಂದು ಕರೆ ಬಂದಿರುತ್ತದೆ. ಹೆರಿಗೆ ವಾರ್ಡಿನಲ್ಲಿ ಮಗುವಿನ ಎದೆಬಡಿತ ಇಳಿಯುತ್ತಿದೆ, ತಕ್ಷಣ ಸಿಸೇರಿಯನ್ ಆಗಬೇಕು. ಇಡೀ ಆಸ್ಪತ್ರೆಗೆ ಅರಿವಳಿಕೆ ಕೊಡುವವಳು ನಾನೊಬ್ಬಳೇ. ಈಗಷ್ಟೇ ಗಂಟಲಿನಿಂದ ಉಸಿರಿನ ಟ್ಯೂಬ್ ತೆಗೆದ ರೋಗಿಯ ಹತ್ತಿರ ಇರಲಾ, ಹೊಟ್ಟೆಯಲ್ಲಿರುವ ಮಗುವಿಗಾಗಿ ಓಡಲಾ?

ನಮ್ಮ ಕೆಲಸದಲ್ಲಿ ಮತ್ತು ಬರಿಸುವುದು ಒಂದು ಭಾಗ ಮಾತ್ರ. ಆಮೇಲೆ ಉಸಿರು, ರಕ್ತದೊತ್ತಡ, ಮೈ ಬಿಸಿ ಎಲ್ಲವನ್ನೂ ನಿಮಿಷ ನಿಮಿಷಕ್ಕೆ ಕಾಯಬೇಕು. ಓಟಿ, ಅಂದರೆ ಆಪರೇಷನ್ ಥಿಯೇಟರ್ ಒಳಗೆ ಮಾನಿಟರ್ ಇದೆ, ಆಕ್ಸಿಜನ್ ಇದೆ, ಕೈಗೆ ಸಿಗುವ ಹಾಗೆ ಔಷಧಿ ಇದೆ, ನಾನಿದ್ದೇನೆ. ಟ್ರಾಲಿ ಹೊಸ್ತಿಲು ದಾಟಿದರೆ ಇದರಲ್ಲಿ ಒಂದೂ ಇರುವುದಿಲ್ಲ. ಆದರೆ ಅರಿವಳಿಕೆಯ ಔಷಧಿ ಇನ್ನೂ ರೋಗಿಯ ಮೈಯಲ್ಲೇ ಇರುತ್ತದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪೂರ್ತಿ ಅರಿವಳಿಕೆ ಕೊಟ್ಟಾಗ ಸ್ನಾಯುಗಳನ್ನು ಸಡಿಲ ಮಾಡುವ ಔಷಧಿಯನ್ನೂ ಕೊಟ್ಟಿರುತ್ತೇವೆ. ಕೊನೆಗೆ ಅದನ್ನು ಇಳಿಸುವ ಇಂಜೆಕ್ಷನ್ ಕೊಡುತ್ತೇವೆ. ಕಣ್ಣು ಬಿಡಿ, ನಾಲಿಗೆ ಚಾಚಿ, ಐದು ಸೆಕೆಂಡ್ ತಲೆ ಎತ್ತಿ ಹಿಡೀರಿ ಅಂತ ಹೇಳಿ ನೋಡುತ್ತೇವೆ. ರೋಗಿ ಹೆಸರು ಹೇಳುತ್ತಾರೆ, ಕೆಮ್ಮುತ್ತಾರೆ. ಸರಿ ಅನ್ನಿಸುತ್ತದೆ. ಆದರೆ ಆ ಹೊತ್ತಲ್ಲಿ ಗಂಟಲಲ್ಲಿ ಟ್ಯೂಬಿನ ಕಿರಿಕಿರಿ ಇತ್ತು, ಸಕ್ಷನ್ ಹಾಕುತ್ತಿದ್ದೆವು, ನಾಲ್ಕು ಜನ ಎತ್ತಿ ಟ್ರಾಲಿಗೆ ಹಾಕುತ್ತಿದ್ದರು. ಆ ಗಲಾಟೆಯೇ ಅವರನ್ನು ಎಚ್ಚರವಾಗಿ ಇಟ್ಟಿತ್ತು. ವಾರ್ಡಿನಲ್ಲಿ ಲೈಟು ಆರಿಸಿ, ಹೊದಿಕೆ ಹೊದಿಸಿ ಸುಮ್ನೆ ಮಲಗಿಸಿದ ಮೇಲೆ ಅವರು ಮತ್ತೆ ನಿದ್ದೆಗೆ ಜಾರುತ್ತಾರೆ. ನಾಲಿಗೆ ಹಿಂದಕ್ಕೆ ಬೀಳುತ್ತದೆ. ಉಸಿರಿನ ದಾರಿ ಕಿರಿದಾಗುತ್ತದೆ.

ಆಗ ಬರುವ ಶಬ್ದ ಗೊರಕೆ. ಮನೆಯವರಿಗೆ ಅದು ನೆಮ್ಮದಿಯ ಶಬ್ದ. ಪಾಪ, ಎರಡು ದಿನದಿಂದ ನೋವಲ್ಲಿ ಒದ್ದಾಡಿದ್ದ, ಈಗ ಚೆನ್ನಾಗಿ ನಿದ್ದೆ ಬಂದಿದೆ ಅಂತಾರೆ. ಅಪೆಂಡಿಕ್ಸ್ ಆಪರೇಷನ್ ಆದ ಒಬ್ಬ ಹುಡುಗನ ತಾಯಿ ನನಗೆ ಇದೇ ಮಾತು ಹೇಳಿದ್ದರು. ಅವರು ಮಂಚದ ಪಕ್ಕ ಕೂತು ಸೆರಗಿನಿಂದ ಗಾಳಿ ಬೀಸುತ್ತಿದ್ದರು. ನಾನು ಬೇರೆ ರೋಗಿಯನ್ನು ನೋಡಲು ಆ ವಾರ್ಡಿಗೆ ಹೋಗಿದ್ದೆ. ಹುಡುಗ ಓಟಿಯಿಂದ ಹೋಗುವಾಗ ಚೆನ್ನಾಗಿ ಮಾತಾಡಿದ್ದ. ವಾರ್ಡಿನಲ್ಲಿ ನೋವು ಅಂತ ಅತ್ತಿದ್ದಕ್ಕೆ ಫೋರ್ಟ್‌ವಿನ್, ಫೆನರ್ಗನ್ ಕೊಟ್ಟಿದ್ದರು. ಎಲ್ಲ ಕಡೆ ಕೊಡುವ ಇಂಜೆಕ್ಷನ್ನೇ, ಆದರೆ ಎರಡೂ ಮಂಪರು ತರುತ್ತವೆ. ನಾನು ಹೋದಾಗ ಗೊರಕೆ ಬಿಟ್ಟು ಬಿಟ್ಟು ಬರುತ್ತಿತ್ತು. ಎದೆ ಏಳುವ ಬದಲು ಹೊಟ್ಟೆ ಮಾತ್ರ ಎಗರುತ್ತಿತ್ತು. ಕತ್ತಿನ ಕುಳಿ ಪ್ರತಿ ಉಸಿರಿಗೂ ಒಳಕ್ಕೆ ಸೇದುತ್ತಿತ್ತು. ತುಟಿಯ ಬಣ್ಣ ಆ ಮಂದ ಬೆಳಕಲ್ಲಿ ಕಾಣುವಂತಿರಲಿಲ್ಲ, ಉಗುರು ನೋಡಿದೆ. ಎರಡೂ ಕೈಬೆರಳುಗಳನ್ನು ದವಡೆಯ ಮೂಲೆಗೆ ಕೊಟ್ಟು ಮುಂದಕ್ಕೆ ಎತ್ತಿ ಹಿಡಿದೆ. ಒಂದು ದೊಡ್ಡ ಉಸಿರು ಒಳಗೆ ಹೋಯಿತು. ಸಿಸ್ಟರ್ ಆಕ್ಸಿಜನ್ ತಂದರು. ಬೇಕಾಗಿದ್ದು ಅಷ್ಟೇ. ವೆಂಟಿಲೇಟರ್ ಬೇಡ, ದುಬಾರಿ ಔಷಧಿ ಬೇಡ, ದವಡೆ ಎತ್ತಿ ಹಿಡಿಯಲು ಗೊತ್ತಿರುವ ಒಬ್ಬರು ಪಕ್ಕದಲ್ಲಿ ಇರಬೇಕಿತ್ತು. ಆ ಸಿಸ್ಟರ್‌ದು ಏನೂ ತಪ್ಪಿರಲಿಲ್ಲ. ಇಡೀ ವಾರ್ಡಿಗೆ ರಾತ್ರಿ ಪಾಳಿಯಲ್ಲಿ ಅವರೊಬ್ಬರೇ ಇದ್ದರು. ಒಂದು ಕಡೆ ಡ್ರಿಪ್ ಬದಲಿಸುತ್ತಿದ್ದರು, ಇನ್ನೊಂದು ಕಡೆ ಯಾರೋ ವಾಂತಿ ಮಾಡುತ್ತಿದ್ದರು.

ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಈಗ ಎಲ್ಲರಿಗೂ ಗೊತ್ತು, ಕೋವಿಡ್ ಕಲಿಸಿತು. ಅದು ಒಳ್ಳೆಯ ಸಾಧನ. ಆದರೆ ಅದನ್ನೊಂದನ್ನೇ ನಂಬಿ ಕೂರುವ ಹಾಗಿಲ್ಲ. ಮೂಗಿಗೆ ಆಕ್ಸಿಜನ್ ಹಾಕಿದ ರೋಗಿಯ ಉಸಿರಾಟ ಅರ್ಧಕ್ಕೆ ಇಳಿದರೂ ಸ್ವಲ್ಪ ಹೊತ್ತು ಅಂಕಿ 98 ಅಂತಲೇ ತೋರಿಸುತ್ತದೆ. ಅದು ಇಳಿಯಲು ಶುರುವಾದ ಮೇಲೆ ಕೈಯಲ್ಲಿ ಜಾಸ್ತಿ ಸಮಯ ಉಳಿದಿರುವುದಿಲ್ಲ. ಎದೆ ಮೇಲೆ ಕೈ ಇಟ್ಟು ನಿಮಿಷಕ್ಕೆ ಎಷ್ಟು ಉಸಿರು ಅಂತ ಎಣಿಸಲು ಒಬ್ಬ ಮನುಷ್ಯರೇ ಬೇಕು.

ಬಾಣಂತಿಯರ ವಿಷಯದಲ್ಲಿ ಅಪಾಯ ಬೇರೆ ಥರದ್ದು. ಸಿಸೇರಿಯನ್ ಹೆಚ್ಚಾಗಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟೇ ಮಾಡುತ್ತೇವೆ. ತಾಯಿ ಎಚ್ಚರವಾಗಿರುತ್ತಾಳೆ, ಮಗುವಿನ ಅಳು ಕೇಳುತ್ತಾಳೆ. ಎಚ್ಚರ ಇದ್ದಾಳೆ ಅಂದಮೇಲೆ ಭಯ ಇಲ್ಲ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಅಲ್ವಾ? ಆದರೆ ಸೊಂಟದಿಂದ ಕೆಳಗೆ ಅವಳಿಗೆ ಒಂದೆರಡು ಗಂಟೆ ಏನೂ ಗೊತ್ತಾಗುವುದಿಲ್ಲ. ಕೆಳಗೆ ರಕ್ತ ಹೋಗುತ್ತಿದ್ದರೆ ಒದ್ದೆಯೂ ತಿಳಿಯುವುದಿಲ್ಲ, ನೋವೂ ತಿಳಿಯುವುದಿಲ್ಲ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಜಾಸ್ತಿ ರಕ್ತ ಹರಿಯುತ್ತದೆ. ಮಗು ಬಂದ ಮೇಲೆ ಆ ಗರ್ಭಕೋಶ ಮುಷ್ಟಿಯಂತೆ ಬಿಗಿಯಾಗಬೇಕು. ಸಡಿಲ ಉಳಿದರೆ ರಕ್ತ ನಿಲ್ಲುವುದಿಲ್ಲ. ಅದು ಬೆನ್ನಿನ ಕೆಳಗೆ ಸೇರಿಕೊಳ್ಳುತ್ತದೆ. ಮೇಲಿನಿಂದ ನೋಡಿದರೆ ಹಸಿರು ಬಟ್ಟೆ, ಅದರ ಮೇಲೆ ಕಂಬಳಿ, ಪಕ್ಕದಲ್ಲಿ ಮಗು. ಎಲ್ಲ ಚೆನ್ನಾಗಿದೆ ಅನ್ನಿಸುತ್ತದೆ.

ಬಿಪಿ ಕೂಡ ಬೇಗ ಹೇಳುವುದಿಲ್ಲ. ಗರ್ಭಿಣಿಯ ಮೈಯಲ್ಲಿ ರಕ್ತದ ಪ್ರಮಾಣವೇ ಹೆಚ್ಚಾಗಿರುತ್ತದೆ, ವಯಸ್ಸೂ ಚಿಕ್ಕದು. ತುಂಬಾ ರಕ್ತ ಹೋಗುವ ತನಕ ಬಿಪಿ ತಡೆದುಕೊಂಡಿರುತ್ತದೆ, ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಅದಕ್ಕೂ ಮೊದಲು ನಾಡಿ ಏರುತ್ತದೆ. 90 ಇದ್ದದ್ದು 110 ಆಗುತ್ತದೆ, 130 ಆಗುತ್ತದೆ. ಬಾಣಂತಿ ಬಾಯಾರಿಕೆ ಅಂತಾಳೆ, ಅಕ್ಕಾ ಯಾಕೋ ಒಂಥರಾ ಆಗ್ತಿದೆ ಅಂತಾಳೆ, ಸುಮ್ಮನೆ ಮಲಗುವುದಿಲ್ಲ. ಮನೆಯವರು ಬಟ್ಟೆ ನೆನೆಸಿ ತುಟಿಗೆ ಒತ್ತುತ್ತಾರೆ. ಹಾಗೆ ಹೇಳುವ ಬಾಣಂತಿಯ ಹೊದಿಕೆ ಎತ್ತಿ ನೋಡಬೇಕು, ಹೊಟ್ಟೆ ಮೇಲೆ ಕೈ ಇಟ್ಟು ಗರ್ಭಕೋಶ ಗಟ್ಟಿ ಇದೆಯಾ ಅಂತ ಮುಟ್ಟಬೇಕು. ಹದಿನೈದು ನಿಮಿಷಕ್ಕೊಮ್ಮೆ. ಇದಕ್ಕೆ ಬೇಕಾದದ್ದು ಒಂದು ಕೈ ಮತ್ತು ಬೇರೆ ಕಡೆ ಓಡುವ ಅವಸರ ಇಲ್ಲದ ಒಬ್ಬ ನರ್ಸ್.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸತ್ತಾಗ ಇಡೀ ರಾಜ್ಯ ಡ್ರಿಪ್ ಬಾಟಲಿಯ ಗುಣಮಟ್ಟದ ಬಗ್ಗೆ ಮಾತಾಡಿತು. ಮಾತಾಡಲೇಬೇಕಿತ್ತು. ಆದರೆ ಆಪರೇಷನ್ ಆದ ಬಾಣಂತಿಯನ್ನು ಮೊದಲ ಗಂಟೆಗಳಲ್ಲಿ ನೋಡಿಕೊಳ್ಳುವವರು ಯಾರು ಎಂಬ ಮಾತು ರಾಜ್ಯದ ಬೇರೆ ಆಸ್ಪತ್ರೆಗಳ ಬಗ್ಗೆ ನನ್ನ ಕಿವಿಗೆ ಬೀಳಲಿಲ್ಲ. ನನಗೆ ಆಗ ತುಂಬಾ ಬೇಸರವಾಯಿತು.

ಏನು ನೋಡಬೇಕು ಅನ್ನುವುದು ಹೊಸದಾಗಿ ಕಂಡುಹಿಡಿಯಬೇಕಾದ ವಿದ್ಯೆಯಲ್ಲ. ಮಗು ಹುಟ್ಟಿದ ಕೂಡಲೇ ಅದರ ಸ್ಥಿತಿ ಅಳೆಯಲು ಹಾಕುವ ಅಪ್ಗಾರ್ ಸ್ಕೋರ್ ಬಗ್ಗೆ ಎಷ್ಟೋ ತಾಯಂದಿರು ಕೇಳಿರುತ್ತಾರೆ. ಅದನ್ನು 1953ರಲ್ಲಿ ಪ್ರಕಟಿಸಿದ ವರ್ಜೀನಿಯಾ ಅಪ್ಗಾರ್ ಅವರು ಅರಿವಳಿಕೆ ವೈದ್ಯೆ. ಅದೇ ಮಾದರಿಯಲ್ಲಿ 1970ರಲ್ಲಿ ಆಲ್ಡ್ರೆಟ್ ಎಂಬ ವೈದ್ಯರು ಆಪರೇಷನ್ ಆದವರಿಗೂ ಒಂದು ಸ್ಕೋರ್ ಮಾಡಿದರು. ಕೈಕಾಲು ಆಡಿಸುತ್ತಾರಾ, ಉಸಿರು ಚೆನ್ನಾಗಿ ಎಳೆದು ಕೆಮ್ಮುತ್ತಾರಾ, ಬಿಪಿ ಮೊದಲಿನಂತಿದೆಯಾ, ಪೂರ್ತಿ ಎಚ್ಚರವಾಗಿದ್ದಾರಾ, ಮೈಬಣ್ಣ ಹೇಗಿದೆ ಅಂತ ನೋಡುವುದು. ಬಣ್ಣದ ಬದಲು ಈಗ ಆಕ್ಸಿಜನ್ ಅಂಕಿ ನೋಡುತ್ತಾರೆ. ಒಂದೊಂದಕ್ಕೂ ಎರಡು ಅಂಕ. ಹತ್ತಕ್ಕೆ ಒಂಬತ್ತು ಬಂದರೆ ವಾರ್ಡಿಗೆ ಕಳಿಸಬಹುದು. ಎರಡು ನಿಮಿಷದ ಕೆಲಸ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಸರ್ಜರಿ ಚೆಕ್‌ಲಿಸ್ಟ್ ಕೂಡ ಎಷ್ಟೋ ಓಟಿಗಳ ಗೋಡೆ ಮೇಲಿದೆ. ರೋಗಿ ಓಟಿ ಬಿಡುವ ಮೊದಲು ಸರ್ಜನ್, ಅರಿವಳಿಕೆ ವೈದ್ಯರು, ನರ್ಸ್ ಮೂವರೂ ಸೇರಿ ಮುಂದೆ ಈ ರೋಗಿಯಲ್ಲಿ ಏನನ್ನು ಗಮನಿಸಬೇಕು ಅಂತ ಮಾತಾಡಿಕೊಳ್ಳಬೇಕು ಅಂತ ಅದರ ಕೊನೆಯ ಭಾಗದಲ್ಲಿದೆ. ಆ ಮಾತನ್ನು ಕೇಳಿಸಿಕೊಂಡು ಮುಂದುವರಿಸಲು ಆಚೆ ಯಾರೂ ಇಲ್ಲದಿದ್ದರೆ ಏನು ಪ್ರಯೋಜನ?

ಪಕ್ಕದಲ್ಲಿ ಒಬ್ಬರು ಇರುವುದರಿಂದ ಎಷ್ಟು ವ್ಯತ್ಯಾಸ ಆಗುತ್ತದೆ ಅನ್ನುವುದನ್ನು ನಮ್ಮ ವೃತ್ತಿ 1952ರಲ್ಲೇ ನೋಡಿದೆ. ಆ ವರ್ಷ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿತ್ತು. ಉಸಿರಾಡುವ ಶಕ್ತಿಯೇ ಹೋದ ಮಕ್ಕಳು ಸಾಲಾಗಿ ಬರುತ್ತಿದ್ದರು, ಮಷೀನುಗಳು ಸಾಲುತ್ತಿರಲಿಲ್ಲ. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು ಓಟಿಯಲ್ಲಿ ಮಾಡುವುದನ್ನೇ ವಾರ್ಡಿನಲ್ಲಿ ಮಾಡಿ ತೋರಿಸಿದರು. ಮೊದಲ ರೋಗಿ 12 ವರ್ಷದ ಹುಡುಗಿ. ಕತ್ತಿನಲ್ಲಿ ದಾರಿ ಮಾಡಿ, ಟ್ಯೂಬ್ ಹಾಕಿ, ಬ್ಯಾಗನ್ನು ಕೈಯಿಂದ ಒತ್ತಿ ಉಸಿರು ಕೊಟ್ಟರು. ಆಮೇಲೆ ಸುಮಾರು 1500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿ ಪ್ರಕಾರ ಮಕ್ಕಳ ಪಕ್ಕ ಕೂತು ಹಗಲೂ ರಾತ್ರಿ ಬ್ಯಾಗ್ ಒತ್ತಿದರು. ಸಾಯುವವರ ಪ್ರಮಾಣ ಅರ್ಧದಷ್ಟಕ್ಕೆ ಇಳಿಯಿತು. ಇವತ್ತಿನ ಐಸಿಯುಗಳು ಅಲ್ಲಿಂದ ಬೆಳೆದವು. ಹೊಲದ ಔಷಧಿ ಕುಡಿದು ಬಂದವರನ್ನು, ಹಾವು ಕಚ್ಚಿ ಉಸಿರು ನಿಂತವರನ್ನು ನಾವು ಈಗ ವೆಂಟಿಲೇಟರಿನಲ್ಲಿ ದಿನಗಟ್ಟಲೆ ಇಟ್ಟು ಉಳಿಸಿಕೊಳ್ಳುತ್ತೇವೆ. ಅಷ್ಟೆಲ್ಲ ಮಾಡುವ ನಾವು ಹರ್ನಿಯಾ ಆಪರೇಷನ್ ಆದ ಆರೋಗ್ಯವಂತ ಮನುಷ್ಯನನ್ನು ಒಂದು ಗಂಟೆ ಕಾಯಲು ಆಗದೆ ಕಳೆದುಕೊಂಡರೆ ಅದನ್ನು ಸಹಿಸಿಕೊಳ್ಳುವುದು ಹೇಗೆ?

ಸರ್ಕಾರವನ್ನು ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಆಪರೇಷನ್ ನಡೆಯುವ ಪ್ರತಿ ಆಸ್ಪತ್ರೆಯಲ್ಲಿ ಓಟಿಗೆ ಅಂಟಿಕೊಂಡ ಹಾಗೆ ಎರಡು ಮಂಚ. ಅಲ್ಲಿ ಆಕ್ಸಿಜನ್, ಕೆಲಸ ಮಾಡುವ ಸಕ್ಷನ್, ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್, ಒಂದು ಮಾನಿಟರ್, ಚೆನ್ನಾಗಿ ಬೆಳಕು. ಮುಖ್ಯವಾಗಿ, ರೋಗಿ ಅಲ್ಲಿರುವಷ್ಟು ಹೊತ್ತು ಬೇರೆ ಕೆಲಸ ಹಚ್ಚದ ಒಬ್ಬ ತರಬೇತಿ ಪಡೆದ ನರ್ಸ್. ಈ ಕೊನೆಯದನ್ನೇ ಎಲ್ಲರೂ ಮೊದಲು ಕೈಬಿಡುತ್ತಾರೆ. ಮಂಚಕ್ಕೆ, ಮಾನಿಟರಿಗೆ ಟೆಂಡರ್ ಕರೆಯಬಹುದು. ನರ್ಸ್ ಬೇಕೆಂದರೆ ಹುದ್ದೆ ಮಂಜೂರಾಗಬೇಕು, ಸಂಬಳ ಕೊಡಬೇಕು. ಹೆರಿಗೆ ಕೋಣೆ, ಹೆರಿಗೆ ಓಟಿಗಳ ಗುಣಮಟ್ಟಕ್ಕಾಗಿ ಕೇಂದ್ರದ ‘ಲಕ್ಷ್ಯ’ ಕಾರ್ಯಕ್ರಮ 2017ರಿಂದ ಇದೆ. ಅದರ ತಪಾಸಣೆಗೆ ಬರುವವರು ದಯವಿಟ್ಟು ರಾತ್ರಿ ಹೊತ್ತು ಒಮ್ಮೆ ಬಂದು ನೋಡಲಿ. ಖಾಸಗಿ ನರ್ಸಿಂಗ್ ಹೋಮ್‌ಗಳಿಗೂ ಈ ಮಾತು ಅನ್ವಯಿಸುತ್ತದೆ. ಅಲ್ಲಿಗೆ ಹೋಗುವ ಅರಿವಳಿಕೆ ವೈದ್ಯರು ಎಷ್ಟೋ ಸಲ ಒಂದು ಕೇಸ್ ಮುಗಿಸಿ ಇನ್ನೊಂದು ನರ್ಸಿಂಗ್ ಹೋಮಿಗೆ ಗಾಡಿ ಹತ್ತಬೇಕಾಗುತ್ತದೆ.

ಓದುಗರಲ್ಲೂ ಒಂದು ವಿನಂತಿ. ಆಪರೇಷನ್ ಮುಗಿದು ಅರ್ಧ ಗಂಟೆಯಾದರೂ ರೋಗಿಯನ್ನು ಹೊರಗೆ ಬಿಡಲಿಲ್ಲ ಅಂದರೆ ಗಾಬರಿಯಾಗುವುದು ಸಹಜ. ಯಾಕ್ರೀ ಮೇಡಂ, ಏನಾದ್ರೂ ಹೆಚ್ಚುಕಮ್ಮಿ ಆಯ್ತಾ ಅಂತ ಬಾಗಿಲಲ್ಲಿ ಕೇಳುತ್ತಾರೆ. ನಮ್ಮ ಕಣ್ಣೆದುರು ಇರಲಿ ಅಂತ ಇಟ್ಟುಕೊಂಡಿರುತ್ತೇವೆ, ಒಬ್ಬರು ಬಂದು ನೋಡಿಕೊಂಡು ಹೋಗಿ, ತೊಂದರೆಯಿಲ್ಲ. ವಾರ್ಡಿಗೆ ಬಂದ ಮೇಲೆ ಗೊರಕೆ ಕೇಳಿಸಿದರೆ ಖುಷಿಪಟ್ಟು ಸುಮ್ಮನಿರಬೇಡಿ, ತಟ್ಟಿ ಎಬ್ಬಿಸಿ, ಸಿಸ್ಟರನ್ನು ಕರೆಯಿರಿ. ಹೇಳುವ ತನಕ ನೀರು ಕುಡಿಸಬೇಡಿ. ಬಾಣಂತಿ ಒಂಥರಾ ಆಗ್ತಿದೆ ಅಂದರೆ ಅದನ್ನು ಸುಸ್ತು ಅಂದುಕೊಳ್ಳಬೇಡಿ. ಆಪರೇಷನ್‌ಗೆ ಮೊದಲು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುತ್ತೀರಲ್ಲ, ಆಗ ಧೈರ್ಯವಾಗಿ ಕೇಳಿ: ಮುಗಿದ ಮೇಲೆ ಇವರನ್ನು ಎಲ್ಲಿ ಇಡುತ್ತೀರಿ, ಯಾರು ನೋಡಿಕೊಳ್ಳುತ್ತಾರೆ? ಹಾಗೆ ಕೇಳಿದರೆ ನಮಗೆ ಸಿಟ್ಟು ಬರುವುದಿಲ್ಲ. ನೀವು ಕೇಳಿದರೆ ನಮ್ಮ ಬೇಡಿಕೆಗೂ ಬಲ ಬರುತ್ತದೆ.

ನಾನು ಬರೀ ಪತ್ರ ಬರೆದು ಕೂರುವುದಿಲ್ಲ. ನಮ್ಮ ಜಿಲ್ಲೆಯ ಯಾವುದೇ ಆಸ್ಪತ್ರೆ, ಸರ್ಕಾರಿ ಇರಲಿ ಖಾಸಗಿ ಇರಲಿ, ಕರೆದರೆ ರಜೆಯ ದಿನ ಬಂದು ಅಲ್ಲಿನ ಸಿಸ್ಟರ್‌ಗಳಿಗೆ ದವಡೆ ಎತ್ತುವುದು, ಬ್ಯಾಗ್ ಒತ್ತುವುದು, ಸ್ಕೋರ್ ಹಾಕುವುದು ಹೇಳಿಕೊಡುತ್ತೇನೆ. ದುಡ್ಡು ಬೇಡ. ಅಭ್ಯಾಸಕ್ಕೆ ಬೇಕಾದ ಗೊಂಬೆ ನನ್ನ ಹತ್ತಿರವೇ ಇದೆ. ಪತ್ರಿಕೆಯ ಮೂಲಕ ವಿಚಾರಿಸಿದವರಿಗೆ ನನ್ನ ಫೋನ್ ನಂಬರ್ ಕೊಡಲು ನನ್ನ ಅಭ್ಯಂತರವಿಲ್ಲ.

ಇಂತಿ,
ಒಬ್ಬ ಅರಿವಳಿಕೆ ವೈದ್ಯೆ,
ದಾವಣಗೆರೆ ಜಿಲ್ಲೆ